ಸದ್ದು ಇಳಿಯದ ವಾರ್ಡು

ಟೀವಿ ಕಂಪನಿಯಲ್ಲಿ ರಿಮೋಟುಗಳನ್ನು ರೂಪಿಸುತ್ತಿದ್ದ ಅವನಿಗೆ ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು ಕತ್ತರಿ. ಅವನ ಕೈಗೆ ಸಿಕ್ಕ ಯಾವ ರಿಮೋಟೂ ಗುಂಡಿ ಕಳೆದುಕೊಳ್ಳದೆ ಹೊರಗೆ ಹೋದದ್ದಿಲ್ಲ. ಮೊದಲು ಅಂಕಿಗಳು ಹೋದವು, ಆಮೇಲೆ ಚಾನೆಲ್ ಬದಲಿಸುವ ಗುಂಡಿಗಳು, ಅವುಗಳ ಹಿಂದೆಯೇ ಟೀವಿ ಆರಿಸುವ ಗುಂಡಿ. ಕಳೆದ ವರ್ಷ ಸದ್ದಿನ ಗುಂಡಿಗಳನ್ನೂ ಕಿತ್ತುಹಾಕಿ ಅಲ್ಲಿ ಬೋಳುತಲೆಯಂಥ ನುಣುಪು ಜಾಗ ಬಿಟ್ಟ. ಅದರ ಮೇಲೆ ಹೆಬ್ಬೆರಳನ್ನು ಬಲಕ್ಕೆ ಸುತ್ತಿದರೆ ಸದ್ದು ಏರಬೇಕು, ಎಡಕ್ಕೆ ಸುತ್ತಿದರೆ ಇಳಿಯಬೇಕು. ಅಷ್ಟೂ ಬೇಡವೆಂದರೆ ಬಾಯಲ್ಲಿ ಹೇಳಿದರಾಯಿತು, ಟೀವಿಯೇ ಕೇಳಿಸಿಕೊಳ್ಳುತ್ತದೆ. ಮೇಲಧಿಕಾರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಎಳೆಗೂಸಿನಂತೆ ಸವರಿ, "ಇನ್ನೂ ಎರಡು ಗುಂಡಿ ಉಳ್ಕೊಂಡಿವೆಯಲ್ಲಪ್ಪಾ," ಎಂದು ನಿಟ್ಟುಸಿರು ಬಿಟ್ಟಿದ್ದರು.

ಇಂಥ ಕತ್ತರಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ.

ಆಸ್ಪತ್ರೆಯಲ್ಲಿ ಅವನಿಗೆ ಸಿಕ್ಕಿದ್ದು ಮೂರು ಹಾಸಿಗೆಯ ಕೋಣೆ. ಕಿಟಕಿಯ ಪಕ್ಕ ಬೆನ್ನು ಹಿಡಿದುಕೊಂಡು ಏಳಲಾರದೆ ಮಲಗಿದ್ದ ಬಸ್ ಡ್ರೈವರ್. ನಡುವೆ ಕೈ ಸುಟ್ಟುಕೊಂಡು ಎರಡೂ ಅಂಗೈಗೆ ದಪ್ಪಗೆ ಬ್ಯಾಂಡೇಜು ಕಟ್ಟಿಸಿಕೊಂಡಿದ್ದ ಬೇಕರಿಯವನು. ಬಾಗಿಲ ಪಕ್ಕದಲ್ಲಿ ಪ್ಲಾಸ್ಟರ್ ಹಾಕಿದ ಕಾಲನ್ನು ಮೇಲಕ್ಕೆ ನೇತುಹಾಕಿಸಿಕೊಂಡು ಕತ್ತರಿ. ಎದುರುಗೋಡೆಯ ಟೀವಿಯಲ್ಲಿ ಒಬ್ಬ ಮನುಷ್ಯ ಮೆತ್ತನೆ ಹಾಸಿಗೆ ಕೊಳ್ಳಿರೆಂದು ಗಂಟಲು ಹರಿಯುವಂತೆ ಕಿರುಚುತ್ತಿದ್ದ.

"ಸ್ವಲ್ಪ ಸದ್ದು ಕಡಿಮೆ ಮಾಡ್ತೀರಾ?" ಎಂದ ಕತ್ತರಿ.

"ಅಷ್ಟು ಸಲೀಸಾಗಿದ್ರೆ ನಾವ್ಯಾಕೆ ಸ್ವಾಮಿ ಕಿವಿಗೆ ಹತ್ತಿ ತುರುಕ್ಕೋತಿದ್ವಿ?" ಎಂದು ಡ್ರೈವರ್ ರಿಮೋಟನ್ನು ಎತ್ತಿ ತೋರಿಸಿದ.

ಕತ್ತರಿ ಕತ್ತು ಚಾಚಿ ನೋಡಿದ. ಅದು ಅವನದೇ ಕೂಸು.

"ಸ್ವಿಚ್ ಆರಿಸಿಬಿಡಿ ಮತ್ತೆ."

"ಫ್ಯಾನಿಗೂ ಅದಕ್ಕೂ ಒಂದೇ ಸ್ವಿಚ್ಚು. ಬೇಯ್ಬೇಕೋ ಕಿವುಡಾಗ್ಬೇಕೋ ನೀವೇ ಹೇಳಿ. ಬಾಯಲ್ಲಿ ಹೇಳಿದ್ರೆ ಕೇಳುತ್ತಂತೆ, ನೋಡಿ ಅದರ ವಿಧೇಯತೆ." ಡ್ರೈವರ್ ರಿಮೋಟನ್ನು ಬಾಯಿಗೆ ಹಿಡಿದು, ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವ ದನಿಯಲ್ಲಿ ಕೂಗಿದ: "ಸದ್ದು ಕಡಿಮೆ ಮಾಡು!"

"ಸುದ್ದಿ ತೋರಿಸುತ್ತಿದ್ದೇನೆ," ಎಂದು ಟೀವಿ ನಯವಾಗಿ ಹೇಳಿತು. ಪರದೆಯ ಮೇಲೆ ಆರು ಜನ ಒಟ್ಟಿಗೆ ಜಗಳವಾಡತೊಡಗಿದರು.

"ಬಾಯಿ ಮುಚ್ಚು!"

"ಮಚ್ಚು ಹುಡುಕುತ್ತಿದ್ದೇನೆ." ಹೊಡೆದಾಟದ ಸಿನಿಮಾಗಳು ಸಾಲಾಗಿ ಬಂದು ನಿಂತವು.

"ಕೇಳಿದ್ರಾ?" ಎಂದ ಬೇಕರಿಯವನು. "ನನಗಂತೂ ಹೆಬ್ಬೆರಳೇ ಇಲ್ಲ ಈಗ. ಮೊನ್ನೆ ಮೊಣಕೈಯಲ್ಲಿ ಸುತ್ತಿದೆ, ಮಕ್ಕಳ ಚಾನೆಲ್‌ಗೆ ವರ್ಷದ ಚಂದಾ ಆಗೋಯ್ತು."

"ಇದನ್ನ ಮಾಡಿದ ಪುಣ್ಯಾತ್ಮ ಒಂದೇ ಒಂದು ಸಲ ನನ್ನ ಕೈಗೆ ಸಿಕ್ಬೇಕು," ಎಂದ ಡ್ರೈವರ್. "ಈ ಬೆನ್ನು ನೆಟ್ಟಗಾಗ್ಲಿ, ಅವನ ಬೆನ್ನು ಮುರೀತೀನಿ."

"ಹೌದೌದು, ಅವನಿಗೆ ತಲೇಲಿ ಮಿದುಳೇ ಇಲ್ಲ," ಎಂದು ಕತ್ತರಿ ಎಲ್ಲರಿಗಿಂತ ಜೋರಾಗಿ ಬೈದ. ಬೈದದ್ದು ಸಾಲದೆನಿಸಿ, ಅವನ ವಂಶವನ್ನೂ ಸ್ವಲ್ಪ ಸೇರಿಸಿಕೊಂಡ.

ಡ್ರೈವರಿಗೆ ಈ ಹೊಸಬ ಹಿಡಿಸಿಬಿಟ್ಟ. "ನೀವೇನು ಕೆಲಸ ಮಾಡ್ತೀರಿ?"

"ಕತ್ತರಿಸೋ ಕೆಲಸ."

"ಓ, ಟೈಲರ್ರು! ಹಾಗಾದ್ರೆ ನನ್ನ ಪ್ಯಾಂಟಿನ ಸೊಂಟ ಸ್ವಲ್ಪ ಬಿಡಿಸ್ಬೇಕಿತ್ತು."

ಕತ್ತರಿ ಅಲ್ಲವೆನ್ನಲಿಲ್ಲ. ಸಂಜೆಯ ಹೊತ್ತಿಗೆ ಡ್ರೈವರಿನ ಎರಡು ಪ್ಯಾಂಟು, ಬೇಕರಿಯವನ ನಾಲ್ಕು ಏಪ್ರನ್ನು ಹೊಲಿದುಕೊಡುವುದಾಗಿ ಒಪ್ಪಿಕೊಂಡಿದ್ದ.

ಮರುದಿನ ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಒಳಗೆ ಕಾಲಿಟ್ಟವಳೇ ಡಬ್ಬಿ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಕಣ್ಣು ರಿಮೋಟಿನ ಮೇಲೆ ಬಿತ್ತು.

"ಅಯ್ಯೋ ರೀ, ಇಲ್ಲೂ ನೀವು ಮಾಡಿದ ರಿಮೋಟೇ!"

ಕತ್ತರಿ ಕಣ್ಸನ್ನೆ ಮಾಡಿದ. ಹೆಂಡತಿ, "ಕಣ್ಣಿಗೇನಾಯ್ತು, ಡಾಕ್ಟರನ್ನ ಕರೀಲಾ?" ಎಂದಳು.

ಡ್ರೈವರ್ ನಿಧಾನವಾಗಿ ಕತ್ತು ತಿರುಗಿಸಿದ. "ಟೈಲರ್ ಸಾಹೇಬ್ರೇ..."

ಕತ್ತರಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. ಬೇಕರಿಯವನು ಮಾತ್ರ ಕುತೂಹಲದಿಂದ ಕೇಳಿದ: "ಅಲ್ಲಮ್ಮಾ, ನಿಮ್ಮನೇಲೂ ಇದೇ ಇರೋದಾ?"

"ಎಲ್ಲಣ್ಣಾ! ಕಂಪನಿಯವರು ಪುಕ್ಕಟೆ ಕೊಟ್ಟಿದ್ರು. ಇವರ ಕೈಲೇ ಸದ್ದು ಇಳಿಸೋಕಾಗ್ಲಿಲ್ಲ ಅಂತ ಅತ್ತೆಯ ಹಳೇ ಟೀವಿನೇ ಇಟ್ಕೊಂಡಿದೀವಿ."

ಡ್ರೈವರ್ ನಕ್ಕ. ನಕ್ಕರೆ ಬೆನ್ನಿಗೆ ಚಳುಕು ಹೊಡೆಯುತ್ತಿತ್ತು, ಆದರೂ "ಅಯ್ಯಮ್ಮಾ, ಅಯ್ಯಮ್ಮಾ" ಎನ್ನುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗು ಇಳಿದ ಮೇಲೆ ರಿಮೋಟನ್ನು ಕತ್ತರಿಯ ಹೊಟ್ಟೆಯ ಮೇಲೆ ಎಸೆದು ಹೇಳಿದ: "ಹೆತ್ತೋರು ನೀವೇ ತಾನೆ? ಸಮಾಧಾನ ಮಾಡಿ."

ಕತ್ತರಿ ಹೆಬ್ಬೆರಳನ್ನು ಎಡಕ್ಕೆ ಸುತ್ತಿದ. ಬೆವರಿಗೆ ಬೆರಳು ಜಾರಿ ಸದ್ದು ಇನ್ನಷ್ಟು ಏರಿತು. ಒರೆಸಿಕೊಂಡು ಮತ್ತೆ ಸುತ್ತಿದ. ಪರದೆಯ ಮೇಲೆ ಅವನೇ ಬರೆಸಿದ ಒಕ್ಕಣೆ ಮೂಡಿತು: "ನಿಮ್ಮ ಅನುಭವ ಹೇಗಿದೆ? ಐದು ನಕ್ಷತ್ರ ಕೊಡಿ." ಕೊಡದೆ ಮುಂದಕ್ಕೆ ಹೋಗುವ ದಾರಿಯಿರಲಿಲ್ಲ; ಆ ದಾರಿಯನ್ನು ಮುಚ್ಚಿಸಿದವನೂ ಅವನೇ. ಕೊಟ್ಟ. ಟೀವಿ ಧನ್ಯವಾದ ಹೇಳಿತು, ಅದೂ ಕಿರುಚಿಕೊಂಡೇ.

ಅಷ್ಟರಲ್ಲಿ ಬಂದ ನರ್ಸು, "ಇದೇನು ಆಸ್ಪತ್ರೆನೋ ಜಾತ್ರೆನೋ?" ಎಂದು ಗದರಿ ಸ್ವಿಚ್ ಆರಿಸಿಬಿಟ್ಟಳು. ಫ್ಯಾನು ನಿಂತಿತು. ಮೂವರೂ ಬೆವರುತ್ತ ಆ ಮೌನವನ್ನು ತಣ್ಣೀರಿನಂತೆ ಕುಡಿದರು. ಕತ್ತರಿಗೆ ಏನು ತೋಚಿತೋ, "ನನ್ನಿಂದ ತಪ್ಪಾಯ್ತು," ಎಂದ.

"ಹೋಗ್ಲಿ ಬಿಡಿ," ಎಂದ ಬೇಕರಿಯವನು. "ಏಪ್ರನ್ ಹೊಲಿದುಕೊಟ್ಟುಬಿಡಿ, ಸಾಕು."

ಊರುಗೋಲು ಹಿಡಿದು ಕೆಲಸಕ್ಕೆ ಮರಳಿದ ಕತ್ತರಿ ಮೊದಲ ಸಭೆಯಲ್ಲೇ ಸದ್ದಿಗೆ ಎರಡು ಗುಂಡಿ ಬೇಕೆಂದ. ಎಲ್ಲರೂ ಅವನ ಕಾಲಿನ ಕಡೆ ಮರುಕದಿಂದ ನೋಡಿದರು. ಆದರೆ ಮೇಲಧಿಕಾರಿಯ ಕಣ್ಣು ಹೊಳೆಯಿತು. "ಒತ್ತಿದ್ರೆ ಒಳಗೆ ಹೋಗೋ ಗುಂಡಿ! ಇದು ಯಾರ ಹತ್ರಾನೂ ಇಲ್ಲ ಈಗ!"

ಗುಂಡಿ ಬಂತು. ಹೊಸ ಆವಿಷ್ಕಾರವೆಂದು ಜಾಹೀರಾತೂ ಬಂತು. ಆದರೆ ಅದು ಕೆಲಸ ಮಾಡಬೇಕಾದರೆ ಮೊದಲು ಫೋನಿನಲ್ಲಿ ಖಾತೆ ತೆರೆದು ಗುಂಡಿಗೆ ಅನುಮತಿ ಕೊಡಬೇಕೆಂದು ಮೇಲಧಿಕಾರಿ ಸೇರಿಸಿದರು. ಕತ್ತರಿ ವಾದಿಸಿದ, ಮೇಜು ಕುಟ್ಟಿದ, ಕೊನೆಗೆ ಆ ರಿಮೋಟಿನ ನಕ್ಷೆಗೆ ಸಹಿ ಹಾಕುವುದಿಲ್ಲ ಎಂದು ಎದ್ದು ಬಂದ. ಮರುವಾರ ಅವನನ್ನು ಬಡ್ತಿ ಕೊಟ್ಟು ಫ್ರಿಜ್ ವಿಭಾಗಕ್ಕೆ ಸಾಗಹಾಕಿದರು.

ಅಲ್ಲಿ ಫ್ರಿಜ್ಜಿನ ಬಾಗಿಲ ಹಿಡಿಯನ್ನೇ ಕಿತ್ತುಹಾಕುವ ಚರ್ಚೆ ನಡೆಯುತ್ತಿತ್ತು. ಕತ್ತರಿ ಬಾಗಿಲ ಹತ್ತಿರದ ಕುರ್ಚಿಯನ್ನು ಎಳೆದುಕೊಂಡು ಕೂತು, ಮುಂದಕ್ಕೆ ಬಾಗಿ, "ಮೊದಲು ಒಂದು ಮಾತು ಹೇಳಿ," ಎಂದ. "ಹಸಿವಾದೋನು ಇದನ್ನ ತೆಗೆಯೋದು ಹೇಗೆ?"