ಕ್ವಾರ್ಟರ್‌ಬ್ಯಾಕ್‌ನ ತಾಯಿ

"ಕಡ್ಡಿ ಕಣೇ ಅವನು, ಕಡ್ಡಿ! ಮಿಲ್‌ಬರಿಯ ಆ ಗೂಳಿಗಳು ಒಂದ್ಸಲ ಮೇಲೆ ಬಿದ್ರೆ ಮೂಳೆ ಗುಡಿಸೋಕೆ ಪೊರಕೆ ತರಬೇಕಾಗತ್ತೆ," ಎಂದು ಡೊರೀತಾ ಕೂಗಿದಳು.

"ಬೆಂಕಿ ಹತ್ತೋದು ಕಡ್ಡಿಯಿಂದಲೇ, ದಿಮ್ಮಿಯಿಂದಲ್ಲ," ಎಂದರು ಮಿಸ್ ಜಿಮ್ಮೀ ಲೂ, ಅಷ್ಟೇ ಜೋರಾಗಿ.

ತಲೆಯ ಮೇಲೆ ಕವುಚುವ ದೊಡ್ಡ ಡ್ರೈಯರ್ ಕೆಳಗೆ ಕೂತವರಿಗೆ ಏನೂ ಕೇಳಿಸುವುದಿಲ್ಲ ಎಂದು ಅರ್ಲೀನಳ ಪಾರ್ಲರಿಗೆ ಬರುವ ಹೆಂಗಸರೆಲ್ಲ ನಂಬಿದ್ದರು. ಆದರೆ ಆ ಡ್ರೈಯರಿನ ಸದ್ದನ್ನು ಮೀರಿ ಮಾತಾಡಲು ಅವರು ಕೂಗುತ್ತಿದ್ದುದರಿಂದ ಕೆಳಗೆ ಕೂತವರಿಗೆ ಒಂದಕ್ಷರವೂ ಬಿಡದೆ ಕೇಳಿಸುತ್ತಿತ್ತು. ವರ್ನೀಸ್ ತಲೆತುಂಬ ರೋಲರ್ ಸುತ್ತಿಸಿಕೊಂಡು, ತೊಡೆಯ ಮೇಲೆ ಹಳೆಯ ಪತ್ರಿಕೆ ಹರಡಿಕೊಂಡು, ಒಂದೇ ಕೇಕಿನ ಚಿತ್ರವನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಅಂಚೆ ಕಚೇರಿಯ ಕಿಟಕಿಯ ಹಿಂದೆ ಹತ್ತೊಂಬತ್ತು ವರ್ಷ ಕೂತವಳು. ಕೇಳಿಯೂ ಕೇಳಿಸದವಳ ಮುಖ ಹೊತ್ತುಕೊಳ್ಳುವುದು ಅವಳಿಗೆ ಕಷ್ಟವಿರಲಿಲ್ಲ.

ಆಗಸ್ಟ್ ತಿಂಗಳ ಶನಿವಾರ. ಕಿಟಕಿಯ ಕೂಲರ್ ತೊಟ್ಟಿಕ್ಕುತ್ತಿತ್ತು, ತಂಪು ಮಾತ್ರ ಬರುತ್ತಿರಲಿಲ್ಲ. ಹೈಸ್ಕೂಲಿನ ಮೊದಲ ಪಂದ್ಯ ಮುಂದಿನ ಶುಕ್ರವಾರ. ಚೆಂಡನ್ನು ಕೈಯಲ್ಲೇ ಎಸೆದು ಹಿಡಿಯುವ ತಮ್ಮ ಫುಟ್ಬಾಲ್ ಬಗ್ಗೆ ಗಂಡಸರು ಮಾತಾಡುವುದು ಪೆಟ್ರೋಲ್ ಬಂಕಿನ ಮುಂದೆ; ಆದರೆ ಅದರ ತೀರ್ಪು ಬರುವುದು ಇಲ್ಲಿ, ಕೂದಲು ನೇರಮಾಡಲು ಕಾಯಿಸಿದ ಬಾಚಣಿಗೆಯ ವಾಸನೆಯ ನಡುವೆ. ಬೇಸಿಗೆಯಿಡೀ ಊರಿಗೆ ಒಂದೇ ಚರ್ಚೆ: ಮೊಬೀಲ್ ಪಟ್ಟಣದಿಂದ ಬಂದ ಹದಿನೈದರ ಹುಡುಗ ಮೈಕಾ. ಎರಡು ವರ್ಷದಿಂದ ತಂಡಕ್ಕಾಗಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ಟೆವಿನ್‌ನನ್ನು ಪಕ್ಕಕ್ಕೆ ಸರಿಸಿ, ಇವನು ಚೆಂಡು ಎಸೆಯುತ್ತಾನೋ ಇಲ್ಲವೋ?

ಟೆವಿನ್ ವರ್ನೀಸಳ ಮಗ. ಹೈಸ್ಕೂಲಿನಲ್ಲಿ ಇದು ಅವನ ಕೊನೆಯ ವರ್ಷ.

"ಟೆವಿನ್ ಒಳ್ಳೆ ಹುಡುಗ," ಎಂದಳು ಅರ್ಲೀನ್, ಮಿಸ್ ಜಿಮ್ಮೀ ಲೂ ಅವರ ಬಿಳಿಗೂದಲನ್ನು ಎಳೆಯುತ್ತ. "ಚರ್ಚಲ್ಲಿ ಮುದುಕರಿಗೆಲ್ಲ ಬಾಗಿಲು ಹಿಡೀತಾನೆ."

"ಬಾಗಿಲು ಹಿಡಿಯೋಕೆ ಹಾಕ್ಕೊಳ್ಳೋಣ ಬಿಡಿ ಹಾಗಾದ್ರೆ," ಎಂದಳು ಡೊರೀತಾ. ಅವಳು ಉಗುರಿಗೆ ಬಣ್ಣ ಹಚ್ಚಿಸಿಕೊಂಡು ಕೈ ಗಾಳಿಯಲ್ಲಿ ಆಡಿಸುತ್ತಿದ್ದಳು. "ಹೋದ ನವೆಂಬರ್ ಮರೆತ್ರಾ? ಇನ್ನೇನು ಗೆದ್ವಿ ಅನ್ನೋವಾಗ ಮಿಲ್‌ಬರಿಯವನ ಕೈಗೆ ಸೀದಾ ಎಸೆದ. ಹಬ್ಬದ ಉಡುಗೊರೆ ಕೊಟ್ಟ ಹಾಗೆ! ನನ್ನ ಗಂಡ ಎರಡು ದಿನ ಊಟ ಬಿಟ್ಟ."

"ನಿನ್ನ ಗಂಡ ಊಟ ಬಿಟ್ಟಿದ್ದು ನಿನ್ನ ಅಡುಗೆ ನೋಡಿ," ಎಂದರು ಮಿಸ್ ಜಿಮ್ಮೀ ಲೂ. ಶಾಲೆಯ ಅಡುಗೆಮನೆಯಲ್ಲಿ ಮೂರು ತಲೆಮಾರಿನ ಆಟಗಾರರಿಗೆ ಬಡಿಸಿದ ಅವರ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. "ಆದ್ರೂ ಹೇಳ್ತೀನಿ ಕೇಳು. ಆ ಹೊಸ ಹುಡುಗನ ಕೈ ನಾನು ನೋಡಿದೀನಿ. ಚೆಂಡು ಎಸೆಯೋದಲ್ಲ ಅದು, ಕಳಿಸಿಕೊಡೋದು."

ಅಷ್ಟರಲ್ಲಿ ಹಿಂಬಾಗಿಲಿಂದ ಅರ್ಲೀನಳ ಗಂಡ ಕ್ಲೀವನ್, ಹೆಗಲ ಮೇಲೆ ಮಂಜುಗಡ್ಡೆಯ ಚೀಲ ಹೊತ್ತು ಒಳಗೆ ಬಂದ. ತನ್ನ ಕಾಲದಲ್ಲಿ ಅದೇ ತಂಡಕ್ಕೆ ಗೋಡೆಯ ಹಾಗೆ ನಿಂತವನು. ಈಗ ಗೋಡೆಗಿಂತ ಅಗಲವಾಗಿದ್ದ.

"ಇನ್ನೂ ಅದೇ ಮಾತಾ? ಮುಗೀತು ಕಣ್ರೇ," ಎಂದ, ಹೆಮ್ಮೆಯಿಂದ. "ಕೋಚ್ ಗುರುವಾರಾನೇ ಇಬ್ಬರು ಹುಡುಗರನ್ನೂ ಕೂರಿಸಿ ಹೇಳಿಬಿಟ್ರಂತೆ. ಹೊಸಬ ಎಸೀತಾನೆ. ಟೆವಿನ್ ಓಡಿಹೋಗಿ ಹಿಡೀಬೇಕು."

"ಕ್ಲೀವನ್!" ಅರ್ಲೀನ್ ಬಾಚಣಿಗೆಯಿಂದ ಡ್ರೈಯರಿನ ಕಡೆ ತೋರಿಸಿದಳು.

ಅವನು ನೋಡಿ ನಾಲಿಗೆ ಕಚ್ಚಿಕೊಂಡ. ಆಮೇಲೆ ಕೈ ಬೀಸಿದ. "ಅವಳಿಗೆ ಕೇಳ್ಸಲ್ಲ ಬಿಡು. ಅದರೊಳಗೆ ಬಿರುಗಾಳಿ."

ವರ್ನೀಸ್ ಪತ್ರಿಕೆಯ ಹಾಳೆ ತಿರುವಿದಳು.

ಗುರುವಾರ. ಆ ಸಂಜೆ ಟೆವಿನ್ ತಡವಾಗಿ ಬಂದಿದ್ದ. ಹೇಳದೆಯೇ ಪಾತ್ರೆ ತೊಳೆದಿದ್ದ. ಅಭ್ಯಾಸ ಹೇಗಾಯಿತು ಎಂದು ಕೇಳಿದ್ದಕ್ಕೆ "ಚೆನ್ನಾಗಾಯ್ತು" ಎಂದು ಬೆನ್ನು ತಿರುಗಿಸಿಯೇ ಹೇಳಿ, ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದ್ದ. ಅವಳು ಸಂತೋಷಪಟ್ಟಿದ್ದಳು, ಮಗ ದೊಡ್ಡವನಾಗುತ್ತಿದ್ದಾನೆ ಎಂದು. ಗಂಡ ರಾಸ್ಕೋ ಲಾರಿ ಓಡಿಸಿಕೊಂಡು ಟೆಕ್ಸಸ್ ಕಡೆ ಹೋಗಿದ್ದ; ಫೋನಿನಲ್ಲಿ ಅವನಿಗೂ ಪಾತ್ರೆಯ ವಿಷಯ ಹೇಳಿ ನಕ್ಕಿದ್ದಳು. ಎರಡು ದಿನದಿಂದ ಮಗನ ಮನಸ್ಸಿನಲ್ಲಿದ್ದದ್ದು, ಈಗ ಕ್ಲೀವನ್‌ಗೂ ಗೊತ್ತಿದ್ದದ್ದು, ಅವಳಿಗೆ ಗೊತ್ತಿರಲಿಲ್ಲ. ಡ್ರೈಯರಿನ ಬಿಸಿ ಕಿವಿಗಿಳಿಯಿತು.

"ಎಸೀಲಿ ನೋಡೋಣ," ಎಂದು ಕ್ಲೀವನ್ ಮಂಜುಗಡ್ಡೆ ಒಡೆಯುತ್ತ ಮುಂದುವರಿಸಿದ. "ಕೈ ಇದ್ದರೆ ಸಾಲದು, ಮೈ ಬೇಕು. ಮೂರನೇ ಪಂದ್ಯದ ಹೊತ್ತಿಗೆ ಅವನನ್ನ ಸ್ಟ್ರೆಚರ್ ಮೇಲೆ ಹೊತ್ಕೊಂಡು ಹೋಗ್ತಾರೆ, ಬರೆದಿಟ್ಕೊಳ್ಳಿ. ಆವಾಗ ಕೋಚ್ ಟೆವಿನ್ ಹತ್ರ ಟೋಪಿ ಕೈಯಲ್ಲಿ ಹಿಡ್ಕೊಂಡು ಬೇಡ್ಕೊಳ್ಳೋಕೆ ಬರ್ತಾರೆ."

ಆ ಮಾತು ವರ್ನೀಸಳ ನಾಲಿಗೆಯ ಮೇಲೆ ಕಲ್ಲುಸಕ್ಕರೆಯ ಹಾಗೆ ಕರಗಿತು. ಮೂರನೇ ಪಂದ್ಯ. ಅಷ್ಟು ದಿನ ತಡೆದುಕೊಳ್ಳಬಹುದು. ತಾನು ಏನು ಬಯಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು, ಭಾನುವಾರದ ಪ್ರಾರ್ಥನೆಗೆ ಕೂದಲು ಸಿದ್ಧಮಾಡಿಸಿಕೊಳ್ಳುತ್ತ ಅದನ್ನೇ ಬಯಸುತ್ತಿದ್ದೇನೆ ಎಂದೂ ಗೊತ್ತಿತ್ತು. ಆದರೂ ಸಿಹಿ ಸಿಹಿಯೇ.

ಮುಂಬಾಗಿಲಿನ ಗಂಟೆ ಸದ್ದಾಯಿತು. ಆಸ್ಪತ್ರೆಯ ಬಿಳಿ ಬೂಟು ತೊಟ್ಟ, ನಿದ್ದೆಗೆಟ್ಟ ಮುಖದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತಳು. "ಅಪಾಯಿಂಟ್ಮೆಂಟ್ ಇಲ್ಲ... ಬರೀ ತೊಳೆದು ಸೆಟ್ ಮಾಡಿದ್ರೆ ಸಾಕು. ಆಗತ್ತಾ?"

"ಕೂತ್ಕೊಳ್ಳಿ ತಾಯಿ, ಮಾಡೋಣ," ಎಂದಳು ಅರ್ಲೀನ್. ಯಾರ ಮನೆಯವರು, ಯಾವ ಕಡೆಯವರು ಎಂದು ಕೇಳುವುದು ಅಂಗಡಿಯ ಒಡತಿಯ ಹಕ್ಕು. ಅವಳು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಫೋನ್ ಹೊಡೆದುಕೊಂಡಿತು. ಹೋದಳು.

ಹೊಸಬಳು ವರ್ನೀಸಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ದಣಿದವರು ಮಾಡುವ ಹಾಗೆ ಪಾದ ಅಲ್ಲಾಡಿಸತೊಡಗಿದಳು.

"ನಾನು ಅನ್ನೋದು," ಡೊರೀತಾ ಬಿಟ್ಟ ಕಡೆಯಿಂದಲೇ ಹಿಡಿದಳು, "ಆ ಮೈಕಾನ ತಾಯಿಗಾದ್ರೂ ಬುದ್ಧಿ ಬೇಡ್ವಾ? ಇನ್ನೂ ಮೀಸೆ ಮೂಡದ ಮಗೂನ ಆ ರಾಕ್ಷಸರ ಮುಂದೆ ನಿಲ್ಲಿಸ್ತಾಳಲ್ಲ! ಮಗನ ಹೆಸರು ಪೇಪರಲ್ಲಿ ಬಂದ್ರೆ ಸಾಕು ಅನ್ಸತ್ತೆ ಇವಕ್ಕೆ."

"ಮೂರನೇ ಪಂದ್ಯ," ಎಂದ ಕ್ಲೀವನ್. "ಎಡ ಮಂಡಿ. ನೋಡ್ತಿರಿ."

ಪಕ್ಕದ ಕುರ್ಚಿಯ ಪಾದ ನಿಂತಿತು.

ವರ್ನೀಸ್ ಕಣ್ಣೆತ್ತಿದಳು. ಆ ಹೆಂಗಸು ಎದುರು ಗೋಡೆಯ ದರಪಟ್ಟಿ ಓದುತ್ತಿದ್ದಳು. ಮೇಲಿಂದ ಕೆಳಗೆ ಓದಿ, ಮತ್ತೆ ಮೇಲಿಂದ ಶುರುಮಾಡಿದಳು. ತೊಡೆಯ ಮೇಲಿನ ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಹೋದ ನವೆಂಬರಿನಲ್ಲಿ, ಸೋತ ಮಾರನೆಯ ಬೆಳಿಗ್ಗೆ, ದಿನಸಿ ಅಂಗಡಿಯ ಸಾಲಿನಲ್ಲಿ ವರ್ನೀಸಳ ಹಿಂದೆ ಇಬ್ಬರು ಗಂಡಸರು ಟೆವಿನ್‌ನ ತಲೆಯಲ್ಲಿ ಮಿದುಳಿದೆಯೋ ಹುಲ್ಲಿದೆಯೋ ಎಂದು ಮಾತಾಡಿಕೊಂಡಿದ್ದರು. ಅವಳು ಕೈಯಲ್ಲಿದ್ದ ಬೀನ್ಸ್ ಡಬ್ಬಿಯ ಹಿಂದೆ ಬರೆದದ್ದನ್ನೆಲ್ಲ ಓದಿದ್ದಳು. ಉಪ್ಪು ಎಷ್ಟು, ಸಕ್ಕರೆ ಎಷ್ಟು, ಎಲ್ಲಿ ತಯಾರಾಯಿತು. ತಿರುಗಿ ನೋಡಿರಲಿಲ್ಲ.

ನಾಲಿಗೆಯ ಮೇಲಿನ ಸಿಹಿ ಕಹಿಯಾಯಿತು.

ಅವಳು ಡ್ರೈಯರನ್ನು ಮೇಲೆತ್ತಿ ಗುಂಡಿ ಒತ್ತಿದಳು. ಸದ್ದು ನಿಂತಾಗ ಕೋಣೆ ತೀರಾ ಚಿಕ್ಕದಾಯಿತು.

"ನಿಮ್ಮ ಹುಡುಗ ಪಂದ್ಯದ ದಿನ ಊಟ ಮಾಡ್ತಾನಾ?" ಎಂದು ಕೇಳಿದಳು, ಪಕ್ಕಕ್ಕೆ ತಿರುಗಿ.

ಆ ಹೆಂಗಸು ಬೆಚ್ಚಿದಳು. "ನನ್ನ... ಇಲ್ಲ. ಬೆಳಿಗ್ಗೆಯಿಂದ ಏನೂ ಮುಟ್ಟಲ್ಲ. ನಿಮಗೆ ಹೇಗೆ..."

"ನನ್ನವನೂ ಹಾಗೇ. ಪೀಚ್ ಹಣ್ಣು ಹೆಚ್ಚಿ ಕೊಡಿ, ಅದು ಇಳಿಯತ್ತೆ. ನಾನು ವರ್ನೀಸ್. ಟೆವಿನ್ ನನ್ನ ಮಗ."

"ಲಟ್ರೀಸ್," ಎಂದಳು ಆ ಹೆಂಗಸು, ಮೆಲ್ಲಗೆ.

ಕ್ಲೀವನ್ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದ. "ಮಂಜುಗಡ್ಡೆ ಕರಗ್ತಿದೆ," ಎಂದು ಗೊಣಗಿ, ಚೀಲವನ್ನು ಅಲ್ಲೇ ಬಿಟ್ಟು, ಹಿಂಬಾಗಿಲಿಂದ ಹೊರಗೆ ಹೋದ. ಡೊರೀತಾ ಹಸಿ ಬಣ್ಣದ ಉಗುರುಗಳನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ದೇವ್ರೇ. ನಾನು ಸುಮ್ನೆ... ನೋಡಿ ಅಕ್ಕ, ನಾನು ಆ ಅರ್ಥದಲ್ಲಿ..."

"ಡೊರೀತಾ," ಎಂದರು ಮಿಸ್ ಜಿಮ್ಮೀ ಲೂ. "ಬಾಯಿ ಮುಚ್ಕೊಂಡ್ರೆ ನೊಣಾನೂ ಒಳಗೆ ಹೋಗಲ್ಲ."

ಲಟ್ರೀಸ್ ಎದ್ದುಹೋಗಬಹುದಿತ್ತು. ಹೋಗಲಿಲ್ಲ. ರಾತ್ರಿಪಾಳಿ ಮುಗಿಸಿ, ಮನೆಯಲ್ಲಿ ಕಾಯಿಲೆ ಬಿದ್ದಿರುವ ತನ್ನ ತಾಯಿಗೆ ಗಂಜಿ ಕುಡಿಸಿ ಬಂದವಳಿಗೆ ಎದ್ದು ಹೋಗುವ ಶಕ್ತಿಯೂ ಇರಲಿಲ್ಲವೇನೋ.

"ಮುಂದಿನ ಸಾಲಲ್ಲಿ ಕೂರಬೇಡಿ," ಎಂದಳು ವರ್ನೀಸ್. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕಟ್ಟುವುದು ಹೇಗೆಂದು ಹೇಳಿಕೊಡುವಾಗಿನ ದನಿ. "ಮೊದಲ ವರ್ಷ ನಾನೂ ಅಲ್ಲೇ ಕೂತಿದ್ದೆ, ಹೊಸ ಹ್ಯಾಟು ಹಾಕ್ಕೊಂಡು. ಹಿಂದಿನವರು ಅನ್ನೋದೆಲ್ಲ ಬೆನ್ನಿಗೆ ಬಡಿಯತ್ತೆ. ಬ್ಯಾಂಡಿನವರ ಪಕ್ಕ, ಮೇಲಿನ ಸಾಲಿಗೆ ಹೋಗಿ. ಆ ಡೋಲಿನ ಸದ್ದಲ್ಲಿ ಯಾರು ಏನು ಅಂದ್ರೂ ಕೇಳ್ಸಲ್ಲ. ಅವನು ಕೆಳಗೆ ಬಿದ್ದಾಗ ಎದ್ದು ನಿಲ್ಲಬೇಡಿ. ಅವನು ಮೊದಲು ನೋಡೋದು ನಿಮ್ಮ ಕಡೆಗೇ. ಗೆದ್ದ ಮಾರನೇ ದಿನ ಮನೇಲಿರಿ, ಪರವಾಗಿಲ್ಲ. ಸೋತ ಮಾರನೇ ದಿನ ಮಾತ್ರ ಅಂಗಡಿಗೆ ಹೋಗಲೇಬೇಕು. ತಲೆ ಎತ್ಕೊಂಡು ಹೋಗಿ ಹಾಲು ತನ್ನಿ. ಮನೇಲಿ ಹಾಲಿದ್ರೂ ತನ್ನಿ."

ಲಟ್ರೀಸಳ ಮುಖದಲ್ಲಿ ನಗುವೋ ಅಳುವೋ ತಿಳಿಯದ ಏನೋ ಬಂದು ಹೋಯಿತು. "ನಿಮ್ಮ ಮಗನೂ ನಿಮ್ಮ ಥರಾನೇ," ಎಂದಳು. "ಗುರುವಾರ ಅವನೇ ಮೈಕಾನ ಮನೆಗೆ ಬಿಟ್ಟ. ಕಾರಲ್ಲೇ ಕೂತು ಯಾವ ಸನ್ನೆಗೆ ಯಾವ ಆಟ ಅಂತ ಕತ್ತಲಾಗೋವರೆಗೂ ಹೇಳಿಕೊಟ್ಟ. ಒಳಗೆ ಬಾಪ್ಪ, ಊಟ ಮಾಡು ಅಂದ್ರೆ, ಅಮ್ಮ ಕಾಯ್ತಿರ್ತಾಳೆ ಅಂದ. ನಿಮಗೆ ಹೇಳಿರ್ತಾನಲ್ಲ."

"ಹೂಂ," ಎಂದಳು ವರ್ನೀಸ್. "ಹೇಳಿದ."

ಅರ್ಲೀನ್ ಫೋನ್ ಮುಗಿಸಿ ಬಂದಾಗ ಪಾರ್ಲರಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅಲ್ಲಿ ಹಾಗಾದದ್ದೇ ಇಲ್ಲವಾದ್ದರಿಂದ ಅವಳು ಕೂಲರ್ ಕೆಟ್ಟಿತೇನೋ ಎಂದು ಅತ್ತ ನೋಡಿದಳು. ಕೊನೆಗೆ ಮಿಸ್ ಜಿಮ್ಮೀ ಲೂ ಗಂಟಲು ಸರಿಮಾಡಿಕೊಂಡರು.

"ಏನಮ್ಮ ವರ್ನೀಸ್, ನೀನೇ ಹೇಳು. ಈ ಸಲ ಮಿಲ್‌ಬರೀನ ಹೊಡೀತೀವಾ?"

ಎಲ್ಲರೂ ಅವಳ ಕಡೆ ನೋಡಿದರು. ವರ್ನೀಸ್ ಒಂದು ರೋಲರ್ ಬಿಚ್ಚಿ, ಸುರುಳಿಯನ್ನು ಬೆರಳಲ್ಲಿ ಎಳೆದು ಬಿಟ್ಟಳು.

"ಹುಡುಗನ ಕೈ ಚೆನ್ನಾಗಿದೆ ಅಂತೀರಿ. ಇರ್ಲಿ. ಎಸೆದಿದ್ದನ್ನ ಹಿಡಿಯೋಕೂ ಒಬ್ಬ ಬೇಕಲ್ಲ?" ಎಂದಳು. "ಅವನು ನಮ್ಮನೇಲಿದ್ದಾನೆ."

ಮೊದಲು ನಕ್ಕದ್ದು ಮಿಸ್ ಜಿಮ್ಮೀ ಲೂ. ಆಮೇಲೆ ಡೊರೀತಾ, ಅವಳ ತುಟಿಯ ಮೇಲೆ ಕೆಂಪು ಬಣ್ಣ ಮೆತ್ತಿಕೊಂಡಿತ್ತು. ಲಟ್ರೀಸ್ ಕೂಡ ನಕ್ಕಳು.

ಕೂದಲು ಮುಗಿಸಿಕೊಂಡು, ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆ ವರ್ನೀಸ್ ಕನ್ನಡಿ ನೋಡಿಕೊಂಡು ಕಣ್ಣು ಒರೆಸಿಕೊಂಡಳು. ನಂತರ ಕೀಲಿ ತಿರುಗಿಸಿ, ಮನೆಯ ದಾರಿ ಹಿಡಿದಳು.

ಟೆವಿನ್ ಹಿತ್ತಲಲ್ಲಿದ್ದ. ಚೆಂಡನ್ನು ಶೆಡ್ಡಿನ ತಗಡಿನ ಮಾಡಿನ ಮೇಲೆ ತಾನೇ ಎಸೆದು, ಉರುಳಿ ಬಂದಾಗ ಹಿಡಿಯಲು ನೋಡುತ್ತಿದ್ದ. ಅದು ಅವನ ಕೈಗೆ ಬಡಿದು ಹುಲ್ಲಿಗೆ ಬಿತ್ತು. ಮತ್ತೆ ಎಸೆದ. ಮತ್ತೆ ಬಿತ್ತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ತಾಯಿಯನ್ನು ಕಂಡವನೇ ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ನಿಂತ.

"ಕೂದಲು ಚೆನ್ನಾಗಿದೆ," ಎಂದ.

"ಗೊತ್ತು."

"ಅಮ್ಮ, ಗುರುವಾರ ಕೋಚ್..."

"ಅದೂ ಗೊತ್ತು."

ಅವನು ತಲೆ ತಗ್ಗಿಸಿದ. "ಬೇಜಾರಾಯ್ತಾ?"

"ನೀನು ಹೇಳಲಿಲ್ಲ ಅಂತ ಆಯ್ತು."

"ನೀನು ಪಂದ್ಯಕ್ಕೆ ಬರೋವಾಗ ನನ್ನ ನಂಬರಿನ ಅಂಗಿ ಹಾಕ್ಕೊಂಡು ಬರ್ತೀಯಲ್ಲ," ಎಂದ ಟೆವಿನ್, ಚೆಂಡಿನ ಕಡೆ ನೋಡುತ್ತ. "ಅದು ನೆನಪಾಯ್ತು. ಹೇಳೋಕೆ ಬಾಯೇ ಬರಲಿಲ್ಲ."

"ನಂಬರ್ ಬದಲಾಯ್ತಾ?"

"ಇಲ್ಲ."

"ಮತ್ತೆ?"

ಅವನು ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಪಕ್ಕದ ಮನೆಯಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ಚಾಲೂ ಮಾಡಿ ನಿಲ್ಲಿಸಿದರು. "ನನಗೆ ಹಿಡಿಯೋಕೆ ಬರಲ್ಲಮ್ಮ," ಎಂದ, ಯಾರಿಗೂ ಹೇಳದ ಗುಟ್ಟು ಹೇಳುವವನ ಹಾಗೆ. "ಎಸೆಯೋದು ಮಾತ್ರ ಕಲಿತದ್ದು. ಚೆಂಡು ನನ್ನ ಕಡೆ ಬರ್ತಿದ್ರೆ ಕಣ್ಣು ಮುಚ್ಚಿಹೋಗತ್ತೆ."

ವರ್ನೀಸ್ ಚೀಲವನ್ನು ಮೆಟ್ಟಿಲ ಮೇಲಿಟ್ಟು, ಚಪ್ಪಲಿ ಬಿಟ್ಟು ಹುಲ್ಲಿಗಿಳಿದಳು. "ಕೊಡು ಇಲ್ಲಿ."

"ನೀನಾ?"

"ಇನ್ಯಾರಿದ್ದಾರೆ ಇಲ್ಲಿ?"

ಎರಡು ವರ್ಷ ಗ್ಯಾಲರಿಯಲ್ಲಿ ಕೂತು ಆ ಚೆಂಡನ್ನೇ ನೋಡಿದ್ದವಳು, ಒಮ್ಮೆಯೂ ಅದನ್ನು ಕೈಯಲ್ಲಿ ಹಿಡಿದಿರಲಿಲ್ಲ. ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು, ಒರಟಾಗಿತ್ತು, ಮಗನ ಕೈಯ ಬೆವರಿಗೆ ತೇವವಾಗಿತ್ತು. ಟೆವಿನ್ ಅವಳ ಹಿಂದೆ ಬಂದು ನಿಂತು, ಅವಳ ಬೆರಳುಗಳನ್ನು ಒಂದೊಂದಾಗಿ ಚೆಂಡಿನ ಹೊಲಿಗೆಯ ಮೇಲೆ ಕೂರಿಸಿದ. "ಇಲ್ಲಿ. ಹೀಗೆ. ಗಟ್ಟಿ ಹಿಡೀಬೇಡ." ಆಮೇಲೆ ಬೇಲಿಯ ಕಡೆಗೆ ನಡೆದು, ತಿರುಗಿ ನಿಂತು, ಬಗ್ಗಿ ಮಂಡಿಯ ಮೇಲೆ ಕೈಯೂರಿದ.

"ಯಾವಾಗ ಎಸೀಲಿ?"

"ನಾನು ಓಡಿದ ಮೇಲೆ. ನಾನಿರೋ ಕಡೆಗಲ್ಲ, ನಾನು ಹೋಗ್ತಿರೋ ಕಡೆಗೆ."

ಅವನು ಓಡಿದ. ಅವಳು ತೋಳು ಹಿಂದಕ್ಕೆಳೆದು ಇದ್ದ ಬಲವನ್ನೆಲ್ಲ ಹಾಕಿ ಎಸೆದಳು. ಚೆಂಡು ರೆಕ್ಕೆ ಕತ್ತರಿಸಿದ ಕೋಳಿಯ ಹಾಗೆ ತೂರಾಡುತ್ತ ಮೇಲೇರಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಬಿಟ್ಟು, ಅಂಜೂರದ ಮರದ ಕಡೆಗೆ ಸೊಟ್ಟಗೆ ಹೊರಟಿತು. ಟೆವಿನ್ ಆಗಲೇ ದಿಕ್ಕು ಬದಲಿಸಿ ಓಡುತ್ತಿದ್ದ, ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಕಣ್ಣನ್ನು ಅಗಲವಾಗಿ ತೆರೆದುಕೊಂಡು.