ಮುಚ್ಚಳದ ಹಿಟ್ಟು

ಮನೋಶ್ ತಾಷ್ಕೆಂಟಿನವನು, ಹೊಲಿಗೆ ಯಂತ್ರ ರಿಪೇರಿಗೆಂದು ಊರೂರು ತಿರುಗುವವನು. ಯಹೂದಿಯಾದ್ದರಿಂದ ಕೋಷರ್ ಅಲ್ಲದ್ದನ್ನು, ಅಂದರೆ ಧರ್ಮದ ಕಟ್ಟಳೆಯಂತೆ ಮಾಡದ ಅಡುಗೆಯನ್ನು, ಬಾಯಿಗಿಡುವವನಲ್ಲ. ಸಾಲದ್ದಕ್ಕೆ, ಗೋಧಿಯ ಒಂದು ಕಣ ಹೊಟ್ಟೆಗೆ ಹೋದರೂ ವಾರಗಟ್ಟಲೆ ಹಾಸಿಗೆ ಹಿಡಿಸುವ ಕಾಯಿಲೆ ಬೇರೆ. ಕೋಷರ್ ಇದ್ದಲ್ಲಿ ಗೋಧಿ ಇರುತ್ತದೆ, ಗೋಧಿ ಇಲ್ಲದಲ್ಲಿ ಕೋಷರ್ ಇರುವುದಿಲ್ಲ. ರೊಟ್ಟಿ ಮುರಿದು ಕೊಟ್ಟರೆ ಬೇಡವೆನ್ನುವವನನ್ನು ಈ ಸೀಮೆಯಲ್ಲಿ ಯಾರು ತಾನೇ ಎರಡನೆಯ ಸಲ ಕರೆಯುತ್ತಾರೆ? ಹೆಂಡತಿ ಜುಲಾಯ್ ಇದ್ದಾಗ ಜೊತೆಗೆ ಬರುತ್ತಿದ್ದಳು. ಹೋಟೆಲಿನ ಕೋಣೆಯಲ್ಲೇ ಇಬ್ಬರೂ ಕೂತು ತಿನ್ನುತ್ತಿದ್ದರು. ಅವಳು ತೀರಿಕೊಂಡ ಮೇಲೂ ಡಬ್ಬಿಗೆ ಬೇಯಿಸಿದ ಆಲೂಗಡ್ಡೆಯ ಜೊತೆ ಎರಡು ಮೊಟ್ಟೆ ಇಡುವ ಅಭ್ಯಾಸ ಅವನ ಕೈಗೆ ತಪ್ಪಲಿಲ್ಲ. ಒಂದು ಹಾಗೇ ವಾಪಸು ಬರುತ್ತಿತ್ತು.

ಒಮ್ಮೆ ಯಹೂದಿಯರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ಬುಖಾರಾದಲ್ಲೇ ಉಳಿಯಬೇಕಾಗಿ ಬಂದಾಗ ಜುಲಾಯಳ ಚಿಕ್ಕಮ್ಮ ಬುಲೋರ್ ಫೋನಿನಲ್ಲೇ ಗದರಿಸಿದಳು.

"ನಾನಿರುವಾಗ ಹೋಟೆಲ್ಲಾ? ಸುಮ್ನೆ ಮನೆಗೆ ಬನ್ನಿ."

"ಅತ್ತೆ, ನನ್ನ ಊಟ ದೊಡ್ಡ ರಗಳೆ."

"ರಗಳೆಯಂತೆ! ಹೊಸ ಪಾತ್ರೆ ತಗೊಂಡಿದ್ದೀನಿ, ಅಕ್ಕಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಆರಿಸಿದ್ದೀನಿ. ಮೇಜಿನ ಮೇಲೆ ರೊಟ್ಟಿ ಕಾಣಿಸಲ್ಲ, ಸಾಕಾ?"

ನುಡಿದಂತೆಯೇ ನಡೆದಳು. ಶುಕ್ರವಾರ ಸಂಜೆ ದೀಪ ಹಚ್ಚಿ, ದ್ರಾಕ್ಷಾರಸದ ಪ್ರಾರ್ಥನೆ ಮುಗಿದ ಮೇಲೆ ತನ್ನ ಪಾಲಿನ ರೊಟ್ಟಿಯನ್ನು ಒಳಗೆ ನಿಂತೇ ತಿಂದು, ಕೈಬಾಯಿ ತೊಳೆದು, ಪಾತ್ರೆ ತಂದಳು. ಒಳಗೆ ಕೊತ್ತಂಬರಿ ಸೊಪ್ಪು, ಮಾಂಸ ಹಾಕಿ ಬೇಯಿಸಿದ ಹಸಿರನ್ನ. ಇನ್ನೊಬ್ಬರ ಮನೆಯ ಬಿಸಿಯೂಟಕ್ಕೆ ತಾನು ಎಷ್ಟು ಹಂಬಲಿಸಿದ್ದೆನೆಂದು ಮನೋಶನಿಗೆ ಗೊತ್ತಾದದ್ದೇ ಆಗ.

ಮುಚ್ಚಳದ ಸುತ್ತ ಏನೋ ಕಂದುಬಣ್ಣದ್ದು ಅಂಟಿಕೊಂಡಿತ್ತು. ಬುಲೋರ್ ಚಾಕುವಿನಿಂದ ಅದನ್ನು ಎಬ್ಬಿಸಿದಳು. ಚೂರುಗಳು ಅನ್ನದ ಮೇಲೆ ಉದುರಿದವು.

"ಅತ್ತೆ, ಅದೇನು?"

"ಹಿಟ್ಟು. ಆವಿ ಹೋಗದ ಹಾಗೆ ಮೆತ್ತಿದ್ದು. ನಮ್ಮಮ್ಮನೂ ಹೀಗೇ ಮಾಡ್ತಿದ್ಲು."

"ಗೋಧಿ ಹಿಟ್ಟಾ?"

"ಮತ್ತೇನು, ಸುಣ್ಣಾನಾ? ಅದನ್ನ ಯಾರು ತಿಂತಾರೆ ಅಳಿಯಂದ್ರೇ? ಅದು ಪಾತ್ರೆಗೆ, ಮನುಷ್ಯರಿಗಲ್ಲ..."

ಅವಳ ಕಣ್ಣು ಅನ್ನದ ಮೇಲಿನ ಚೂರುಗಳ ಮೇಲೆ ಬಿತ್ತು. ಅವಳ ಮುಖ ಸಪ್ಪಗಾಯಿತು. ಸಬ್ಬತ್ ಆಗಲೇ ಶುರುವಾಗಿತ್ತು. ನಾಳೆ ಕತ್ತಲಾಗುವವರೆಗೆ ಬೇರೆ ಏನನ್ನೂ ಬೇಯಿಸುವಂತಿಲ್ಲ.

ಕಣ್ಣುಮುಚ್ಚಿ ತಿಂದುಬಿಡಲೇ ಎನ್ನಿಸಿತು ಮನೋಶನಿಗೆ. ಆದರೆ ಕಾಯಿಲೆ ಬಿದ್ದರೆ ಒಂದು ಲೋಟ ನೀರು ಕೊಡುವವರೂ ಇಲ್ಲದ ತನ್ನ ಮನೆ ನೆನಪಾಯಿತು. ಚೀಲದಿಂದ ಡಬ್ಬಿ ತೆಗೆದು ತಲೆತಗ್ಗಿಸಿ ಕೂತ. ಬುಲೋರ್ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಮುನಿಸಿಕೊಂಡಳು, ಇನ್ನು ಈ ಬಾಗಿಲೂ ಮುಚ್ಚಿತು ಎಂದುಕೊಂಡ.

ಅವಳು ಖಾಲಿ ತಟ್ಟೆ, ಉಪ್ಪಿನ ಬಟ್ಟಲು ಹಿಡಿದು ಬಂದು ಎದುರಿಗೆ ಕೂತಳು.

"ಎರಡಿವೆಯಲ್ಲ, ಒಂದು ಇಲ್ಲಿ ಹಾಕಿ."

"ನೀವು ಅನ್ನ ಉಣ್ಣಿ ಅತ್ತೆ."

"ನೀವು ತಣ್ಣನೆ ಮೊಟ್ಟೆ ತಿಂತಾ ಕೂತಿದ್ರೆ ನನ್ನ ಗಂಟಲಲ್ಲಿ ಅನ್ನ ಇಳಿಯತ್ತಾ? ಹಾಕಿ, ಹಾಕಿ."

ಜುಲಾಯಳ ಪಾಲಿನ ಮೊಟ್ಟೆಯನ್ನು ಅವನು ಆ ತಟ್ಟೆಗೆ ಹಾಕಿದ.

"ಉಪ್ಪು ಹಾಕ್ಲಾ ನಿಮ್ಗೆ?" ಎಂದಳು ಬುಲೋರ್.

ಮನೋಶ್ ತನ್ನ ಮೊಟ್ಟೆಯನ್ನು ಅವಳತ್ತ ಚಾಚಿದ. ಜುಲಾಯ್ ಹೋದ ಮೇಲೆ ಊಟಕ್ಕೆ ಕೂತಾಗ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ.