ಉಳಿದ ಮೂರು ಸೀರೆ

ಕತ್ತರಿ ಬಟ್ಟೆಯೊಳಗೆ ಓಡುತ್ತಿದ್ದ ಸದ್ದಿನಿಂದಲೇ ಅದು ಯಾವ ಸೀರೆ ಎಂದು ಸರಸ್ವತಮ್ಮನಿಗೆ ತಿಳಿಯಿತು. ಪಾಲಿಯೆಸ್ಟರ್ ಆಗಿದ್ದರೆ ಸುಯ್ಯೆಂದು ಜಾರುತ್ತಿತ್ತು. ರೇಷ್ಮೆಯಾಗಿದ್ದರೆ ಕತ್ತರಿಯ ಬಾಯಿ ಅಲ್ಲಲ್ಲಿ ಕಚ್ಚಿಕೊಂಡು ನಿಲ್ಲುತ್ತಿತ್ತು. ಇದು ಕರಕರ ಎನ್ನುತ್ತಿತ್ತು. ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟ ಕಾಟನ್ ಸೀರೆ ಬೀರುವಿನಲ್ಲಿದ್ದದ್ದು ಒಂದೇ, ಪಾಚಿ ಹಸಿರಿನದು. ನಡುಮನೆಯ ಗಾಲಿಕುರ್ಚಿಯಲ್ಲಿ ಕೂತು ಆಕೆ ಆ ಸದ್ದು ಮುಗಿಯುವವರೆಗೂ ಕೇಳಿಸಿಕೊಂಡಳು.

ಅರ್ಧ ಗಂಟೆಯ ಮೇಲೆ ರಾಮಾಂಜಿನಪ್ಪ ಮುಂದಿನ ಕೋಣೆಯಿಂದ ಬಂದ. ಕೈಯಲ್ಲಿ ಹಸಿರು ಬಟ್ಟೆಯ ಟೊಪ್ಪಿಯಂಥದ್ದೊಂದಿತ್ತು. ಅಡಿಗೆಮನೆಗೆ ಹೋಗಿ ಅದನ್ನು ಮಿಕ್ಸಿಗೆ ತೊಡಿಸಿ, ಮಿಕ್ಸಿಯನ್ನು ಮಗುವಿನಂತೆ ಎದೆಗೊತ್ತಿಕೊಂಡು ಹೆಂಡತಿಗೆ ತೋರಿಸಲು ತಂದ.

"ನೋಡು ಸರಸು. ಎಲಾಸ್ಟಿಕ್ ಹಾಕಿದೀನಿ. ನೆರಿಗೆ ಹೆಂಗೆ ಬಂದಿದೆ ನೋಡು, ಲಂಗ ತೊಡಿಸ್ದಂಗೆ."

ಕೆಳಗಡೆ ಸುತ್ತಲೂ ಬಂದಿದ್ದದ್ದು ಸೀರೆಯ ಅಂಚು. ಅದನ್ನು ತಲೆಕೆಳಗು ಮಾಡಿ ಹೊಲಿದಿದ್ದ. ಅಂಚಿನ ಗಿಳಿಗಳೆಲ್ಲ ಕಾಲು ಮೇಲೆ ಮಾಡಿದ್ದವು.

"ಹೆಂಗಿದೆ?"

ಸರಸ್ವತಮ್ಮ ಬಾಯಿ ತೆರೆದಳು. ಹೇಳಬೇಕಾದದ್ದೆಲ್ಲ ನಾಲಿಗೆಯ ಹಿಂದೆ ಒತ್ತೊತ್ತಾಗಿ ನಿಂತಿತ್ತು. ಹೊರಗೆ ಬಂದದ್ದು ಎಂದಿನ ಆ ಒಂದೇ ಮಾತು.

"ಆಯ್ತು."

"ನೋಡಿದ್ಯಾ," ಎಂದು ಆತ ಖುಷಿಯಿಂದ ಮಿಕ್ಸಿಯನ್ನು ಒಳಗೊಯ್ದ.

ಮೂವತ್ತೊಂದು ವರ್ಷ ಎನ್.ಆರ್. ಕಾಲೋನಿಯ ಈ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ನಿನ ಮುಂದೆ ಕೂತವಳು ಆಕೆ. ಬ್ಲೌಸ್ ಹೊಲಿಸಿಕೊಳ್ಳಲು ಗಾಂಧಿ ಬಜಾರಿನ ಆ ಕಡೆಯಿಂದಲೂ ಹೆಂಗಸರು ಬರುತ್ತಿದ್ದರು. ಹೋದ ಕಾರ್ತೀಕದ ಒಂದು ಬೆಳಿಗ್ಗೆ ಯಾರದೋ ಬ್ಲೌಸಿಗೆ ಕೊಕ್ಕೆ ಹಾಕುತ್ತಿದ್ದವಳ ಕೈಯಿಂದ ಸೂಜಿ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಆಸ್ಪತ್ರೆಯಿಂದ ಬರುವಾಗ ಬಲಗೈ ಬಲಗಾಲು ಸೋತಿದ್ದವು, ಮಾತು ಹೋಗಿತ್ತು. ಎಲ್ಲ ಮಾತೂ ಹೋಗಿ ಯಾಕೆ ಇದೊಂದೇ ಉಳಿಯಿತೋ ಡಾಕ್ಟರಿಗೂ ಗೊತ್ತಿರಲಿಲ್ಲ. ಕೆಲವರಿಗೆ ಬೈಗುಳ ಉಳಿಯುತ್ತದೆ, ಕೆಲವರಿಗೆ ಮಗನ ಹೆಸರು, ನಿಮ್ಮವರಿಗೆ ಇದು ಉಳಿದಿದೆ ಎಂದಿದ್ದರು. ಹಸಿವಾದರೂ ಆಯ್ತು, ಬೆನ್ನು ನೋಯುತ್ತಿದ್ದರೂ ಆಯ್ತು, ಬೇಡ ಅನ್ನಬೇಕಾದಲ್ಲೂ ಆಯ್ತು.

ರಾಮಾಂಜಿನಪ್ಪ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಹೆಂಡತಿಗೆ ಸ್ನಾನ ಮಾಡಿಸುವುದು, ಊಟ ತಿನ್ನಿಸುವುದು, ತಲೆ ಬಾಚುವುದು ಎಲ್ಲ ಅವನೇ. ಕೆಲಸಕ್ಕೆ ಜನ ಇಟ್ಟುಕೊಳ್ಳಿ ಎಂದು ಮಗಳು ಬಿಂದು ಹಾಸನದಿಂದ ಫೋನು ಮಾಡಿ ಹೇಳಿದರೆ, "ನಾನೇನು ಮಾಡ್ಲಿ ಆಮೇಲೆ?" ಎನ್ನುತ್ತಿದ್ದ. ಸೀರೆ ಉಡಿಸಲು ಬಾರದೆ ಮುಂದೆ ತೆರೆಯುವ ನೈಟಿ ಹೊಲಿದದ್ದು ಮೊದಲು. ಫೋನಿನಲ್ಲಿ ಒಬ್ಬ ಹುಡುಗಿ ಸಲೀಸಾಗಿ ಹೇಳಿಕೊಡುತ್ತಿದ್ದಳು. ಅವಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತ. ಆಗ ಸರಸ್ವತಮ್ಮನಿಗೂ ಕಣ್ಣು ತುಂಬಿ ಬಂದಿತ್ತು. ತೋಳು ಎರಡೂ ಒಂದೇ ಅಳತೆಯಲ್ಲಿರಲಿಲ್ಲ. ಕುತ್ತಿಗೆ ಚೌಕವಾಗಿತ್ತು. ಆತ ಜೀವಮಾನವಿಡೀ ಹೊಲಗದ್ದೆ ಅಳೆದವನು, ಮೈಯನ್ನೂ ಸೈಟಿನಂತೆಯೇ ಅಳೆದಿದ್ದ. ಆದರೂ ಅದು ಬೇಕಾದ ಬಟ್ಟೆಯಾಗಿತ್ತು.

ನೈಟಿ ಆದ ಮೇಲೆ ದಿಂಬಿನ ಕವರು. ಅದಾದ ಮೇಲೆ ಕಾಲೊರೆಸು. ಅಲ್ಲಿಂದ ಬ್ಯಾಗು. "ಹಳೆ ಸೀರೆಯಿಂದ ಹತ್ತೇ ನಿಮಿಷದಲ್ಲಿ" ಎಂದು ಫೋನಿನ ಹುಡುಗಿ ಶುರು ಮಾಡಿದಾಗಲೆಲ್ಲ ಸರಸ್ವತಮ್ಮನ ಎದೆ ಬಡಿದುಕೊಳ್ಳುತ್ತಿತ್ತು. ಆತ ಬೀರು ತೆಗೆದು ಒಂದು ಸೀರೆ ಹಿಡಿದು ಬರುತ್ತಿದ್ದ. "ಇದನ್ನ ತಗೊಳ್ಳಾ? ಇನ್ನು ನೀನು ಉಡೋದಿಲ್ವಲ್ಲ." ಆಕೆ ಬೇಡವೆಂದು ತಲೆಯಾಡಿಸಿದರೆ, ಇದರ ಬಣ್ಣ ಹಿಡಿಸಲಿಲ್ಲವೆಂದು ಇನ್ನೊಂದು ತರುತ್ತಿದ್ದ. ಅತ್ತರೆ ಕಣ್ಣೊರೆಸುತ್ತಿದ್ದ. ಈ ಕಾಯಿಲೆಯಲ್ಲಿ ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಹಾಗಾಗಿ ಅವಳ ಅಳುವಿಗೂ ಬೆಲೆಯಿರಲಿಲ್ಲ.

ಮನೆಗೆ ಬಂದವರೆಲ್ಲ ಒಂದೊಂದು ಬ್ಯಾಗು ಹಿಡಿದು ಹೊರಟರು. ಬಿಂದುವಿನ ನಾಮಕರಣಕ್ಕೆ ಉಟ್ಟ ಸೀರೆ ಬ್ಯಾಗಾಗಿ ಬೀದಿ ಕಟ್ಟೆಯ ತರಕಾರಿಯವಳ ಹೆಗಲಿಗೆ ಹೋಯಿತು. "ಎಂಥ ಗಂಡ ರೀ ನಿಮಗೆ," ಎಂದು ಹೆಂಗಸರು ಸರಸ್ವತಮ್ಮನ ಎಡಗೈ ಅದುಮಿ ಹೋಗುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಅದೇ ಅವಳ ಕಷ್ಟ.

ಮಿಕ್ಸಿಗೆ ಲಂಗ ತೊಡಿಸಿದ ಸಂಜೆಯೇ ಪಕ್ಕದ ರಸ್ತೆಯ ಆಂಡಾಳ್ ಬಂದರು. ಇಪ್ಪತ್ತು ವರ್ಷ ಸರಸ್ವತಮ್ಮನ ಕೈಯಲ್ಲೇ ಹೊಲಿಸಿಕೊಂಡವರು. ಮಿಕ್ಸಿ ನೋಡಿ, ಕಾಲೊರೆಸು ನೋಡಿ, ಕುರ್ಚಿ ಎಳೆದುಕೊಂಡು ಕೂತರು.

"ರಾಮಾಂಜಿನಪ್ಪನೋರೆ, ಭಾನುವಾರ ನಮ್ಮ ಮಹಿಳಾ ಸಮಾಜದಲ್ಲಿ ಇದನ್ನ ನೀವು ಹೇಳಿಕೊಡಬೇಕು. ಮನೆಗೆ ಬೇಕಾದ್ದು ಮನೆಯಲ್ಲೇ ಮಾಡ್ಕೊಳ್ಳೋದು. ಒಂದು ಗಂಟೆ ಸಾಕು. ಗಾಂಧಿ ಬಜಾರಲ್ಲೇ ನಮ್ಮ ಹಾಲ್ ಇರೋದು, ಮೆಟ್ಟಿಲೂ ಇಲ್ಲ. ಇವರನ್ನೂ ಕರ್ಕೊಂಡು ಬನ್ನಿ."

"ನಾನಾ? ಹೆಂಗಸರ ಮುಂದೆ ನಾನೇನು ಮಾತಾಡ್ಲಿ," ಎಂದ ರಾಮಾಂಜಿನಪ್ಪ. ಆದರೆ ಮುಖ ಅರಳಿತ್ತು. "ಇವಳಿಗೆ ಉಡೋಕೆ ಆಗಲ್ವಲ್ಲಮ್ಮ. ನೈಟಿಲಿ ಹೆಂಗೆ ಕರ್ಕೊಂಡು ಬರೋದು?"

"ಮೇಲೊಂದು ಶಾಲು ಹೊದಿಸಿ, ಅಷ್ಟೆ. ನಮ್ಮೋರೇ ಅಲ್ವಾ ಎಲ್ಲ. ಏನು ಸರಸ್ವತಮ್ಮ, ಬರ್ತೀರಲ್ಲ?"

ಅಲ್ಲಿಗೆ ಬರುವವರೆಲ್ಲ ಯಾರೆಂದು ಸರಸ್ವತಮ್ಮನಿಗೆ ಗೊತ್ತಿತ್ತು. ಅವರ ಎದೆ, ಬೆನ್ನು, ತೋಳಿನ ಸುತ್ತಳತೆ ಈಗಲೂ ಬಾಯಿಪಾಠ. ಇಳಿದ ಭುಜ ಯಾರದ್ದು, ಒಂದು ಪಕ್ಕ ಎತ್ತರ ಯಾರಿಗೆ ಎಂದು ತಿಳಿದು, ಯಾರಿಗೂ ಗೊತ್ತಾಗದಂತೆ ಬಟ್ಟೆಯಲ್ಲಿ ಮುಚ್ಚಿ ಕೊಟ್ಟವಳು. ಅವರೆದುರು ಚೌಕ ಕುತ್ತಿಗೆಯ ಈ ನೈಟಿಯಲ್ಲಿ ಕೂರುವುದನ್ನು ನೆನೆದರೆ ಮೈ ಕುಗ್ಗುತ್ತಿತ್ತು. ತಲೆಯನ್ನು ಬಲವಾಗಿ ಅಲ್ಲಾಡಿಸಿದಳು.

"ಆಯ್ತು," ಎಂದಿತು ಬಾಯಿ.

"ಮತ್ತೆ. ಬರ್ತಾರೆ," ಎಂದು ಆಂಡಾಳ್ ಎದ್ದರು.

ಬೀರುವಿನಲ್ಲಿ ಉಳಿದದ್ದು ಮೂರು ಸೀರೆ. ಶನಿವಾರ ಸಂಜೆ ಆತ ಮೂರನ್ನೂ ಹಾಸಿಗೆಯ ಮೇಲೆ ಹರವಿ, ಇಟ್ಟಿಗೆ ಬಣ್ಣದ ಮೈಗೆ ಕಪ್ಪು ಅಂಚಿನ ಕೈಮಗ್ಗದ ಸೀರೆಯನ್ನು ಆರಿಸಿದ. ಕಪ್ಪು ಅಂಚು ಬ್ಯಾಗಿನ ಹಿಡಿಗೆ ಚೆನ್ನಾಗಿ ಒಪ್ಪುತ್ತದೆ, ದೂರ ಕೂತವರಿಗೂ ಕಾಣುತ್ತದೆ. ಅದನ್ನು ನಾಲ್ಕಾಗಿ ಮಡಿಸಿ ಮಂಚದ ಕಾಲುಗಡೆ ಇಟ್ಟ.

ಭಾನುವಾರ ಬೆಳಿಗ್ಗೆ ಹೆಂಡತಿಗೆ ಸ್ನಾನ ಮಾಡಿಸಿ, ನೈಟಿ ತೊಡಿಸಿ ಮಂಚದ ಮೇಲೆ ಕೂರಿಸಿ, ಮಿಷನ್ನು ಸಾಗಿಸಲು ಆಟೋ ಗೊತ್ತು ಮಾಡಿಕೊಂಡು ಬರಲು ಹೊರಗೆ ಹೋದ. ಅಷ್ಟು ಹೊತ್ತಿಗೆ ಮೋನಿಷಾ ಬಂದಳು. ವಾರಕ್ಕೆ ಮೂರು ದಿನ ಬಂದು ಕೈಕಾಲು ಆಡಿಸಿ ಹೋಗುವ ಫಿಸಿಯೋಥೆರಪಿಯ ಹುಡುಗಿ. ಶುಕ್ರವಾರ ತಪ್ಪಿಸಿಕೊಂಡಿದ್ದಕ್ಕೆ ಇವತ್ತು ಬಂದಿದ್ದಳು. ಬಂದವಳು ಬಾಗಿಲಲ್ಲೇ ನಿಂತಳು. ಸರಸ್ವತಮ್ಮ ಮಂಚದ ಮೇಲೆ ಅಡ್ಡಬಿದ್ದು, ಎಡಗೈ ಚಾಚಿ ಕಾಲುಗಡೆಯ ಸೀರೆಯನ್ನು ಎಳೆದುಕೊಂಡಿದ್ದಳು. ಮಡಿಕೆ ಬಿಚ್ಚಿ ಅರ್ಧ ಸೀರೆ ನೆಲಕ್ಕೆ ಬಿದ್ದಿತ್ತು. ಸೆರಗಿನ ತುದಿಯನ್ನು ನೈಟಿಯ ಕುತ್ತಿಗೆಗೆ ಸಿಕ್ಕಿಸಿಕೊಂಡು ಏದುಸಿರು ಬಿಡುತ್ತಿದ್ದಳು.

ಮೋನಿಷಾ ಅವಳನ್ನು ಎತ್ತಿ ಕೂರಿಸಿದಳು. ಸೆರಗು ನೋಡಿದಳು, ಮುಖ ನೋಡಿದಳು.

"ಆಂಟಿ, ಇದನ್ನ ಉಡಬೇಕಾ?"

"ಆಯ್ತು."

ಆರು ತಿಂಗಳಲ್ಲಿ ಮೊದಲ ಸಲ ಆ ಮಾತು ತನ್ನ ಜಾಗದಲ್ಲಿ ಬಂದು ಕೂತಿತು.

"ನಂಗೇ ನಮ್ಮಮ್ಮ ಉಡಿಸ್ತಾರೆ ಆಂಟಿ ಮದುವೆ ಗಿದುವೆಗೆ. ನೋಡೋಣ. ಇವತ್ತು ಇದೇ ನಮ್ ಎಕ್ಸರ್ಸೈಜು."

ಬೀರು ತೆಗೆದು ಕಪ್ಪು ಬ್ಲೌಸು, ಲಂಗ ಹುಡುಕಿದಳು. ಸೋತ ಕೈ ಮೊದಲು ಎಂದು ಬಲಗೈಯನ್ನು ತೋಳಿಗೆ ತೂರಿಸಲು ನೋಡಿದಳು. ಮೊಣಕೈ ಮಡಚಿಕೊಂಡೇ ಇತ್ತು, ತೋಳು ಬಿಗಿ. ಇನ್ನೊಂದು ಸಲ ನೋಡಿ, "ಆಗಲ್ಲ ಆಂಟಿ, ಹರಿದು ಹೋಗುತ್ತೆ," ಎಂದಳು. ಸರಸ್ವತಮ್ಮ ಮುಂದಿನ ಕೋಣೆಯ ಮಿಷನ್ನಿನ ಕಡೆ ಬೆರಳು ತೋರಿಸಿದಳು. ಮೋನಿಷಾ ಅದರ ಡ್ರಾಯರಿನಿಂದ ಒಂದೊಂದಾಗಿ ತಂದು ತೋರಿಸಿದಳು. ಎಣ್ಣೆ ಡಬ್ಬಿ ಬಂತು, ಅಲ್ಲ. ಟೇಪು ಬಂತು, ಅಲ್ಲ. ಮುರಿದ ಬ್ಲೇಡಿನ ತುಂಡು ಬಂದಾಗ ಕೈ ಚಾಚಿದಳು.

ಬ್ಲೌಸನ್ನು ತಿರುಗುಮುರುಗು ಮಾಡಿ ತೊಡೆಯ ಮೇಲೆ ಹಾಕಿಸಿಕೊಂಡಳು. ಪಕ್ಕದಲ್ಲಿ, ತೋಳಿನ ತುದಿಯವರೆಗೂ, ಮೂರು ಸಾಲು ಹೊಲಿಗೆ, ಅದರಾಚೆ ಒಂದೂವರೆ ಇಂಚು ಬಟ್ಟೆ. ಮುಂದೆ ದಪ್ಪವಾದರೆ ಇರಲಿ ಎಂದು ಎಲ್ಲರಿಗೂ ಬಿಡುತ್ತಿದ್ದಂತೆ ತನಗೂ ಬಿಟ್ಟುಕೊಂಡದ್ದು. ಮೋನಿಷಾ ಎರಡು ಕೈಯಲ್ಲಿ ಬಟ್ಟೆ ಬಿಗಿಹಿಡಿದಳು. ಸರಸ್ವತಮ್ಮ ಎಡಗೈಯಲ್ಲಿ ಬ್ಲೇಡಿನ ಮೂಲೆಯನ್ನು ಮೊದಲ ಸಾಲಿನ ಹೊಲಿಗೆಯ ಕೆಳಗೆ ಇಟ್ಟಳು. ಒಮ್ಮೆ ಜಾರಿ ಬೆರಳಿಗೆ ತಾಗಿತು. ಆಮೇಲೆ ಒಂದು ಹೊಲಿಗೆ ಟಿಕ್ಕೆಂದಿತು, ನಾಲ್ಕು ಬಿಟ್ಟು ಇನ್ನೊಂದು. ದಾರದ ತುದಿ ಹಲ್ಲಿನಿಂದ ಕಚ್ಚಿ ಎಳೆದಳು. ಇಡೀ ಸಾಲು ಸರ್ರೆಂದು ಬಂತು. ಎರಡನೆಯದೂ ಬಂತು. ಮೂರನೆಯದನ್ನು ಮುಟ್ಟಲಿಲ್ಲ. ಈಗ ಕೈ ಒಳಗೆ ಹೋಯಿತು.

ನೆರಿಗೆ ಹಿಡಿಯುವಾಗ ಮೋನಿಷಾ ನಾಲ್ಕಕ್ಕೇ ನಿಲ್ಲಿಸಿದಳು. ವಾಕರ್ ಹಿಡಿದು ನಿಂತಿದ್ದ ಸರಸ್ವತಮ್ಮ ಸಾಲದೆಂದು ತಲೆಯಾಡಿಸಿದಳು. ಬಿಚ್ಚಿ ಮತ್ತೆ ಹಿಡಿದಾಗ ಆರು ಬಂದವು. ಹುಡುಗಿಯ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ರಾಮಾಂಜಿನಪ್ಪ ಒಳಗೆ ಬಂದವನು ಮಂಚದ ಕಾಲುಗಡೆ ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ.

"ಇದೇನಮ್ಮ ಮೋನಿಷಾ. ಇವತ್ತು ಕತ್ತರಿಸೋಕೆ ಇಟ್ಟಿದ್ದ ಸೀರೆ ಅದು. ಆಟೋ ನಿಂತಿದೆ ಹೊರಗೆ."

"ಆಂಟೀನೇ ಬೇಕು ಅಂದ್ರು ಅಂಕಲ್. ಕೇಳ್ದೆ, ಆಯ್ತು ಅಂದ್ರು."

"ಅವಳು ಎಲ್ಲದಕ್ಕೂ ಆಯ್ತು ಅಂತಾಳಮ್ಮ. ಅವಳಿಗೆ ಬರೋದೇ ಅದೊಂದು ಮಾತು. ಅದನ್ನ ನಂಬೋಕಾಗುತ್ತಾ?"

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಸರಸ್ವತಮ್ಮ ಅವನನ್ನೇ ನೋಡುತ್ತಿದ್ದಳು. ಅಂದರೆ ಅವನಿಗೆ ಗೊತ್ತಿತ್ತು. ಮೊದಲ ಸೀರೆಯಿಂದಲೂ ಗೊತ್ತಿತ್ತು. ಆರು ತಿಂಗಳು ತನ್ನ ಮಾತು ಅವನಿಗೆ ಮುಟ್ಟುತ್ತಿಲ್ಲ ಎಂದುಕೊಂಡಿದ್ದಳು. ಅದೊಂದು ಸಮಾಧಾನವಾದರೂ ಇತ್ತು.

ಆತ ಬೀರುವಿನತ್ತ ಹೋಗಿ, ಉಳಿದ ಎರಡರಲ್ಲಿ ಮೇಲಿದ್ದ ನೀಲಿ ಸೀರೆಯನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡ.

ಸಮಾಜದ ಹಾಲ್‌ನಲ್ಲಿ ನಲವತ್ತು ಜನರಿದ್ದರು. ಸರಸ್ವತಮ್ಮನನ್ನು ಮುಂದಿನ ಸಾಲಿನ ತುದಿಯಲ್ಲಿ ಕೂರಿಸಿದರು. ಸೀರೆಯಲ್ಲಿ ಕಂಡು ಒಂದಿಬ್ಬರು ಬಂದು ಕೆನ್ನೆ ಸವರಿದರು. "ಮೊದಲಿನ ಥರಾನೇ ಇದೀರ," ಎಂದರು. ರಾಮಾಂಜಿನಪ್ಪ ನೀಲಿ ಸೀರೆಯನ್ನು ಮೇಜಿನ ಮೇಲೆ ಹರಡಿ, ಸ್ಕೇಲಿಟ್ಟು ಗೆರೆ ಎಳೆದು, ಬಾಯಲ್ಲಿ ಹೇಳುತ್ತಾ ಕತ್ತರಿಸಿದ. ಕೈ ಅಷ್ಟು ಸರಿಯಿರಲಿಲ್ಲ. ಹಿಡಿ ಹೊಲಿಯುವಾಗ ಮೂರು ಸಲ ದಾರ ಕಿತ್ತುಹೋಯಿತು. ಮೇಲಿನ ದಾರ ಬಿಗಿಯಾಗಿದೆ, ತಿರುಪು ಅರ್ಧ ಸುತ್ತು ಸಡಿಲಿಸಬೇಕು; ಸರಸ್ವತಮ್ಮನಿಗೆ ಸದ್ದಿನಲ್ಲೇ ಗೊತ್ತಾಯಿತು. ಆತ ನಾಲ್ಕನೆಯ ಸಲ ದಾರ ಪೋಣಿಸುತ್ತಾ ತಲೆಯೆತ್ತಿ ಅವಳ ಕಡೆ ನೋಡಿದ. ಆಕೆ ನೋಟ ಬೇರೆ ಕಡೆ ತಿರುಗಿಸಿದಳು.

ಕೊನೆಗೂ ಬ್ಯಾಗು ಆಯಿತು. ಚಪ್ಪಾಳೆ ಬಿತ್ತು. ಅದನ್ನು ಅಧ್ಯಕ್ಷರಿಗೆ ಕೊಟ್ಟರು. ಮುಂದಿನ ಭಾನುವಾರ ಬಾಗಿಲ ಪರದೆ ಹೇಳಿಕೊಡುತ್ತಾರೆ ಎಂದು ಆಂಡಾಳ್ ಮೈಕಿನಲ್ಲಿ ಹೇಳಿದರು. ರಾಮಾಂಜಿನಪ್ಪ ಕೈಮುಗಿದ.

ಸಂಜೆ ಐದಕ್ಕೆ ಮನೆಯಲ್ಲಿ ಅವರಿಬ್ಬರೇ. ಆತ ಪಿನ್ನು ತೆಗೆದು, ನೆರಿಗೆ ಬಿಚ್ಚಿ, ಸುತ್ತು ಸುತ್ತಾಗಿ ಸೀರೆಯನ್ನು ಕಳಚಿದ. ಬ್ಲೌಸಿನ ಪಕ್ಕ ನೋಡಿದ. ಬಿಚ್ಚಿದ ಎರಡು ಸಾಲಿನ ತೂತುಗಳ ಮೇಲೆ ಬೆರಳಾಡಿಸಿದ. ನೈಟಿ ತೊಡಿಸಿ, ಕುರ್ಚಿಯಲ್ಲಿ ಕೂರಿಸಿ, ಅವಳ ಎದುರು ಮಂಚದ ಅಂಚಿನಲ್ಲಿ ಕೂತ.

"ಮನೇಲಿ ಸದ್ದೇ ಇರಲ್ಲ ಸರಸು," ಎಂದ. "ಮಿಷನ್ ಓಡ್ತಿದ್ರೆ ನೀನೇ ಅಲ್ಲಿ ಕೂತಿದೀಯ ಅನ್ಸುತ್ತೆ. ಹೊಸ ಬಟ್ಟೆ ತಂದೂ ನೋಡ್ದೆ. ಅದ್ರಲ್ಲಿ ಏನಾದ್ರೂ ಮಾಡೋಕೆ ಮನಸ್ಸೇ ಬರಲ್ಲ."

ಆಕೆ ಕಳಚಿಟ್ಟ ಸೀರೆಯತ್ತ ನೋಡಿದಳು. ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ.

"ಬಾ, ಮಡಿಸೋಣ. ಒಬ್ಬನ ಕೈಲಾಗಲ್ಲ ಇದು."

ಸೀರೆಯ ಒಂದು ತುದಿಯನ್ನು ಅವಳಿಗೆ ಕೊಟ್ಟ. ಒಂದು ಮೂಲೆ ಎಡಗೈಗೆ. ಇನ್ನೊಂದು ಮೂಲೆಯನ್ನು ಬಲಗೈಗೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಹಿಡಿಸಿದ. ಮತ್ತೊಂದು ತುದಿ ಹಿಡಿದು ಹಿಂದೆ ಹಿಂದೆ ನಡೆದು ಬಾಗಿಲ ಬಳಿ ನಿಂತ. ಸೀರೆ ಕೋಣೆಯುದ್ದಕ್ಕೂ ಬಿಗಿಯಾಯಿತು. ಸುಕ್ಕು ಬಿಡಿಸಲು ಆತ ಒಮ್ಮೆ ಜಗ್ಗಿದ. ಆಕೆಯೂ ಒಮ್ಮೆ ಜಗ್ಗಿದಳು. ಆತ ತನ್ನೆರಡು ಮೂಲೆ ಕೂಡಿಸಿಕೊಂಡು ಮುಂದೆ ಬಂದು, ಅವಳ ತುದಿಗಾಗಿ ಕೈ ಚಾಚಿದ.

ಆಕೆ ಕೊಡಲಿಲ್ಲ. ಎಡಗೈಯ ಮೂಲೆಯನ್ನು ಮುಷ್ಟಿಗೆ ಒಂದು ಸುತ್ತು ಸುತ್ತಿಕೊಂಡಳು.

ಆತ ಚಾಚಿದ ಕೈಯಲ್ಲೇ ನಿಂತಿದ್ದ. ಇಬ್ಬರ ನಡುವೆ ಸೀರೆ ನೆಲಕ್ಕೆ ತಾಗಿ ಜೋತಿತ್ತು. ಕಿಟಕಿಯ ಬಿಸಿಲು ಅದರ ಕಪ್ಪು ಅಂಚಿನ ಮೇಲೆ ಬಿದ್ದು, ನಿಧಾನವಾಗಿ ಅವನ ಕಾಲಿನ ಕಡೆಗೆ ಸರಿಯುತ್ತಿತ್ತು.